ಮಾಸ್ಟ್ರು ಅಜ್ಜಿಯನ್ನು ಒಪ್ಪಿಸಿದರು
ಅಲ್ಬೆರ್ ಕಮೂ ಅಂದ್ರೆ ನಮಗೆ ನೊಬೆಲ್ ಪಡೆದ ಫ್ರೆಂಚ್ ಸಾಹಿತಿ. ಆದರೆ ಅವರು ಬೆಳೆದದ್ದು ಅಲ್ಜೀರಿಯಾದ ಅಲ್ಜೀರ್ಸ್ ನಗರದ ಬೆಲ್ಕೂರ್ ಎಂಬ ಕೂಲಿಕಾರರ ಕೇರಿಯಲ್ಲಿ. ಹುಟ್ಟಿದ್ದು 1913ರಲ್ಲಿ. ಮರುವರ್ಷವೇ ತಂದೆ ಮಹಾಯುದ್ಧದಲ್ಲಿ ಗಾಯಗೊಂಡು ತೀರಿಕೊಂಡರು. ಕಿವಿ ಸರಿಯಾಗಿ ಕೇಳದ, ಓದು ಬಾರದ ತಾಯಿ ಮನೆಗೆಲಸ ಮಾಡಿ ದುಡಿದರು. ಮನೆಯಲ್ಲಿ ನೀರಿಲ್ಲ, ಕರೆಂಟಿಲ್ಲ. ಯಜಮಾನಿಕೆ ಚಾಟಿ ಹಿಡಿದ ಅಜ್ಜಿಯದ್ದು.

ಹುಡುಗ ದುಡಿಯಲಿ ಅನ್ನೋದು ಅಜ್ಜಿಯ ಹಠ. ನಮ್ಮ ಊರುಗಳಲ್ಲೂ ಎಷ್ಟು ಮಕ್ಕಳು ಹೀಗೇ ಶಾಲೆ ಬಿಟ್ಟು ಅಂಗಡಿ ಸೇರಲಿಲ್ಲ! ಆದರೆ ಶಾಲೆಯ ಮಾಸ್ಟ್ರು ಲೂಯಿ ಜೆರ್ಮೆಂ ಬಿಡಲಿಲ್ಲ. ಅವರೂ ಯುದ್ಧ ಕಂಡು ಮರಳಿದವರು. ಮನೆಗೇ ಬಂದು ಅಜ್ಜಿಯನ್ನು ಒಪ್ಪಿಸಿದರು, ದುಡ್ಡು ತಗೊಳ್ಳದೆ ಪಾಠ ಹೇಳಿದರು. 1924ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಹುಡುಗ ಹೈಸ್ಕೂಲ್ ಸೇರಿದ.

ಒಂದು ಮಾತು ಹೇಳಲೇಬೇಕು. ಆ ನಾಡಿನ ಮುಸ್ಲಿಂ ಮಕ್ಕಳಲ್ಲಿ ಹೆಚ್ಚಿನವರಿಗೆ ಶಾಲೆಯ ಬಾಗಿಲೇ ತೆರೆದಿರಲಿಲ್ಲ. 1939ರಲ್ಲಿ ಕಬೀಲಿಯಾದ ಹಸಿವಿನ ಬಗ್ಗೆ ಪತ್ರಿಕೆಯಲ್ಲಿ ಬರೆದ ಕಮೂ, ಅಲ್ಜೀರಿಯಾದ ಸ್ವಾತಂತ್ರ್ಯವನ್ನು ಮಾತ್ರ ಒಪ್ಪಲಿಲ್ಲ. ಅದು ನಮಗೆ ಬೇಸರದ ಸಂಗತಿಯೇ.

1957ರಲ್ಲಿ ನೊಬೆಲ್ ಬಂದಾಗ ತಾಯಿಯ ನಂತರ ಅವರು ನೆನೆದದ್ದು ಈ ಮಾಸ್ಟ್ರನ್ನು. ಪತ್ರ ಬರೆದರು, ಸ್ವೀಡನ್‌ನ ಭಾಷಣಗಳನ್ನು ಅವರಿಗೇ ಅರ್ಪಿಸಿದರು. 1960ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಜೊತೆಗಿದ್ದ ಚೀಲದಲ್ಲಿ ಸಿಕ್ಕಿದ್ದು, ತನ್ನ ಬಾಲ್ಯದ ಬಗ್ಗೆಯೇ ಬರೆಯುತ್ತಿದ್ದ, ಮುಗಿಯದ ಕಾದಂಬರಿ.