ಉಪಾಧ್ಯಾಯ ನರಸಿಂಹಯ್ಯನವರು

ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ಐದು ದಶಕಗಳಿಗೂ ಮೀರಿ ಒಬ್ಬರೇ ಬಾಳಿದವರು ಡಾ. ಎಚ್. ನರಸಿಂಹಯ್ಯನವರು. ಪರದೇಶದಲ್ಲಿದ್ದ ಕೆಲವು ವರ್ಷಗಳನ್ನು ಬಿಟ್ಟರೆ ಉಪನ್ಯಾಸಕರಾಗಿದ್ದಾಗಲೂ ಅಲ್ಲಿಯೇ, ಪ್ರಿನ್ಸಿಪಾಲರಾದಾಗಲೂ ಅಲ್ಲಿಯೇ, ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದಾಗಲೂ ಅಲ್ಲಿಯೇ. ಖಾದಿಯ ಪಂಚೆ, ಜುಬ್ಬ, ತಲೆಯ ಮೇಲೊಂದು ಗಾಂಧಿ ಟೋಪಿ. ಇದಿಷ್ಟೇ ಅವರ ಉಡುಪು. ಅವರು ಮದುವೆಯಾಗಲಿಲ್ಲ, ಸ್ವಂತಕ್ಕೆಂದು ಮನೆ ಕಟ್ಟಲಿಲ್ಲ. ಅವರು ತೀರಿಕೊಂಡಾಗ ನಾವು, ಅಂದರೆ ಈ ವರ್ಷ ಬಿ.ಎ. ಮುಗಿಸುತ್ತಿರುವವರು, ಇನ್ನೂ ಹುಟ್ಟಿರಲಿಲ್ಲ, ಇಲ್ಲವೆ ತೊಟ್ಟಿಲಲ್ಲಿದ್ದೆವು. ಆದರೂ ಜಯನಗರ, ಬನಶಂಕರಿ, ಬಸವನಗುಡಿಗಳ ಹಿರಿಯರು ಈಗಲೂ ಎಚ್ಚೆನ್ ಎಂದು ಎರಡೇ ಅಕ್ಷರಗಳಲ್ಲಿ ಅವರನ್ನು ನೆನೆಯುತ್ತಾರೆ.

ನೆನೆಯುವುದು ಬಹಳ ಒಳ್ಳೆಯದು. ಆದರೆ ಯಾವ ಸಂದರ್ಭದಲ್ಲಿ ನೆನೆಯುತ್ತಾರೆ ಎಂಬುದೂ ಮುಖ್ಯವಲ್ಲವೆ? ಉಪಾಧ್ಯಾಯರು ಸಂಬಳ ಕೇಳಿ ಬೀದಿಗಿಳಿದಾಗಲೆಲ್ಲ, ಪತ್ರಿಕೆಯಲ್ಲಿ ಮುಷ್ಕರದ ಸುದ್ದಿ ಬಂದಾಗಲೆಲ್ಲ, ಎಚ್ಚೆನ್ ಅವರ ಹೆಸರು ಹೊರಗೆ ಬರುತ್ತದೆ. ಅವರು ಸಂಬಳಕ್ಕೆ ಪಾಠ ಹೇಳಿದರೆ, ಅವರಿಗೆ ಬಂಗಲೆ ಬೇಕಾಗಿತ್ತೆ ಎಂದು ಕೇಳುವವರು ಬಸ್ಸಿನಲ್ಲಿ, ಅಂಗಡಿಯ ಮುಂದೆ, ಮದುವೆಯ ಮನೆಯಲ್ಲಿ ಸಿಗುತ್ತಾರೆ. ಹಾಗೆ ಕೇಳುವವರಲ್ಲಿ ಅನೇಕರು ಒಳ್ಳೆಯ ಮನಸ್ಸಿನವರೇ. ಆ ಮಾತು ಅವರ ಬದುಕಿಗೆ ನ್ಯಾಯವನ್ನು ಮಾಡುತ್ತದೆಯೆ ಎಂಬುದನ್ನು ನೋಡಬೇಕಾದರೆ ಆ ಬದುಕನ್ನೇ ಮೊದಲಿನಿಂದ ಹೇಳಬೇಕು.

ನರಸಿಂಹಯ್ಯನವರು 1920ರ ಜೂನ್ 6ರಂದು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದರು. ಅಂದು ಅದು ಕೋಲಾರ ಜಿಲ್ಲೆ. 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ. ತಾಯಿ ವೆಂಕಟಮ್ಮನವರು ಕೂಲಿ ಮಾಡುತ್ತಿದ್ದರು. ತಂದೆ ಹನುಮಂತಪ್ಪನವರು ಕೂಲಿಮಠದ ಉಪಾಧ್ಯಾಯರು. ತಾಯಿಯದು ಹೊಲದ ಕೂಲಿ, ತಂದೆಯದು ಅಕ್ಷರದ ಕೂಲಿ ಎಂದರೂ ಸರಿಯೇ. ಕೂಲಿಮಠವೆಂದರೇನೆಂದು ನಮ್ಮ ಕಾಲದ ಓದುಗರಿಗೆ ಸ್ವಲ್ಪ ಹೇಳಬೇಕಾದೀತು. ಸರ್ಕಾರದ ಶಾಲೆಗಳು ಹಳ್ಳಿಗೆ ಬರುವ ಮುಂಚೆ, ಬಂದ ಮೇಲೂ ಎಷ್ಟೋ ಕಾಲ, ಊರಿನ ಗುಡಿಯ ಜಗಲಿಯಲ್ಲಿಯೋ ಯಾರದೋ ಪಡಸಾಲೆಯಲ್ಲಿಯೋ ಐಗಳು ಮಕ್ಕಳನ್ನು ಕೂರಿಸಿಕೊಂಡು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು. ಅವರಿಗೆ ತಿಂಗಳ ಸಂಬಳವೆಂಬುದಿರಲಿಲ್ಲ. ಮಕ್ಕಳ ತಂದೆತಾಯಿಗಳು ಕೊಟ್ಟ ರಾಗಿ, ಭತ್ತ, ಬೇಳೆ, ಕೈಲಿದ್ದರೆ ಒಂದೆರಡು ಕಾಸು, ಇಷ್ಟೇ ವರಮಾನ. ಮಹಾನವಮಿ ಬಂತೆಂದರೆ ಐಗಳು ಮಕ್ಕಳ ಕೈಗೆ ಕೋಲು ಕೊಟ್ಟು, ಚೌಪದ ಹಾಡಿಸುತ್ತ, ಮನೆಮನೆಯ ಮುಂದೆ ಕೋಲಾಟ ಆಡಿಸಿಕೊಂಡು ಹೋಗುವ ಪದ್ಧತಿ ಇತ್ತು. ಮನೆಯವರು ಸಂತೋಷಪಟ್ಟು ಕೊಟ್ಟದ್ದು ಐಗಳ ಪಾಲಿಗೆ. ನೋಡುವವರಿಗೆ ಅದು ಹಬ್ಬದ ಸಂಭ್ರಮ. ಆದರೆ ತನ್ನ ವರ್ಷದ ಅನ್ನಕ್ಕಾಗಿ ತಾನು ಕಲಿಸಿದ ಮಕ್ಕಳನ್ನೇ ಮುಂದಿಟ್ಟುಕೊಂಡು ಬಾಗಿಲು ಬಾಗಿಲಿಗೆ ಹೋಗಬೇಕಾದ ಉಪಾಧ್ಯಾಯನ ಮನಸ್ಸಿನಲ್ಲಿ ಏನಿರುತ್ತಿತ್ತೋ! ಮಳೆ ಹೋದ ವರ್ಷ ಐಗಳ ಮನೆಯ ಒಲೆಯೂ ಆರುತ್ತಿತ್ತು. ಗೌರವವೇನೋ ಬೇಕಾದಷ್ಟಿತ್ತು, ಎದುರಿಗೆ ಬಂದರೆ ಊರಿನ ಗೌಡನೂ ಕೈ ಮುಗಿಯುತ್ತಿದ್ದ. ಕೈ ಮುಗಿದದ್ದರಿಂದ ಹಿಟ್ಟು ಬೇಯುವುದಿಲ್ಲ ಎಂಬುದು ಕೂಲಿಮಠದ ಮನೆಗಳಿಗೆಲ್ಲ ಗೊತ್ತಿದ್ದ ವಿಷಯ. ನರಸಿಂಹಯ್ಯನವರು ಬೆಳೆದದ್ದು ಇಂಥ ಮನೆಯಲ್ಲಿ.

ಹೊಸೂರಿನ ಶಾಲೆಯ ಓದು ಮುಗಿಯಿತು. ಮುಂದೆ ಹೈಸ್ಕೂಲಿಗೆ ಹೋಗಲು ಊರಿನಲ್ಲಿ ಹೈಸ್ಕೂಲಿಲ್ಲ. ಬೇರೆ ಊರಿಗೆ ಹೋಗಲು ಹಣವಿಲ್ಲ. ಓದಿಗೆ ಅಲ್ಲಿಗೇ ಪೂರ್ಣವಿರಾಮ ಬೀಳಬೇಕಾಗಿತ್ತು. ಬೀಳದಂತೆ ಮಾಡಿದವರು ಒಬ್ಬ ಉಪಾಧ್ಯಾಯರು. ಹೊಸೂರಿನಲ್ಲಿ ಅವರಿಗೆ ಗುರುಗಳಾಗಿದ್ದ ಎಂ. ಎಸ್. ನಾರಾಯಣರಾಯರು ಆ ಹೊತ್ತಿಗೆ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಬಂದಿದ್ದರು. ಹಳ್ಳಿಯಲ್ಲಿ ಬಿಟ್ಟುಬಂದ ಜಾಣ ಹುಡುಗನನ್ನು ಅವರು ಮರೆಯಲಿಲ್ಲ. ಬೆಂಗಳೂರಿಗೆ ಬಾ ಎಂದು ಕರೆದರು. ಹುಡುಗನ ಕೈಯಲ್ಲಿ ಪ್ರಯಾಣದ ಖರ್ಚಿಗೂ ಕಾಸಿರಲಿಲ್ಲ. 1935ರಲ್ಲಿ ಹೊಸೂರಿನಿಂದ ಬೆಂಗಳೂರಿನವರೆಗೆ, ಎಂಬತ್ತು ಕಿಲೋಮೀಟರುಗಳಷ್ಟು ದಾರಿಯನ್ನು ಆತ ನಡೆದೇ ಬಂದ. ಈ ನಡಿಗೆಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ದಾರಿಯ ಈ ತುದಿಯಲ್ಲಿ ಹೆಸರು ಹಿಡಿದು ಕಾಯುತ್ತಿದ್ದ ಉಪಾಧ್ಯಾಯರ ಕಥೆಯನ್ನು ಹೇಳುವವರು ಕಡಿಮೆ. ನನಗಂತೂ ನಡಿಗೆಗಿಂತ ಆ ಕರೆಯೇ ದೊಡ್ಡದಾಗಿ ಕಾಣುತ್ತದೆ. ನಡೆಯುವ ಕಾಲು ಹಳ್ಳಿಯಲ್ಲಿ ಎಷ್ಟೋ ಹುಡುಗರಿಗೆ ಇತ್ತು.

ನ್ಯಾಷನಲ್ ಹೈಸ್ಕೂಲು 1917ರಲ್ಲಿ ಆನಿ ಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಚಳವಳಿಯಲ್ಲಿ ಹುಟ್ಟಿದ ಶಾಲೆ. ನರಸಿಂಹಯ್ಯನವರು ಬಡ ವಿದ್ಯಾರ್ಥಿಗಳ ನಿಲಯದಲ್ಲಿದ್ದು ಅಲ್ಲಿ ಓದಿದರು. 1936ರಲ್ಲಿ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದವರು ವಿದ್ಯಾರ್ಥಿಯಾಗಿದ್ದ ಇವರೇ. ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಓದುತ್ತಿದ್ದಾಗ 1942ರ ಚಳವಳಿ ಬಂತು. ಓದು ಬಿಟ್ಟು ಜೈಲು ಸೇರಿದರು; ಬೆಂಗಳೂರು, ಮೈಸೂರು, ಯರವಡಾ ಜೈಲುಗಳನ್ನು ಕಂಡರು. ಹಿಂದಿರುಗಿ ಓದು ಮುಗಿಸಿ 1946ರಲ್ಲಿ ಎಂ.ಎಸ್‌ಸಿ. ಪದವೀಧರರಾದರು.

ಆಗ ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿದವರು ಮೈಸೂರು ಸಂಸ್ಥಾನದಲ್ಲಿ ಬೆರಳಿನಲ್ಲಿ ಎಣಿಸುವಷ್ಟು. ಸರ್ಕಾರದ ಕೆಲಸ ಬಯಸಿದ್ದರೆ ಅದು ದೂರದ ಮಾತಾಗಿರಲಿಲ್ಲ. ಅವರು ಸೇರಿದ್ದು ಹಿಂದಿನ ವರ್ಷವಷ್ಟೇ ಪ್ರಾರಂಭವಾಗಿದ್ದ ನ್ಯಾಷನಲ್ ಕಾಲೇಜನ್ನು. ಖಾಸಗಿ ಸಂಸ್ಥೆ, ವಿದ್ಯಾರ್ಥಿಗಳ ಫೀಜು, ದಾನಿಗಳ ಹಣ, ಉಪಾಧ್ಯಾಯರ ತಾಳ್ಮೆ ಈ ಮೂರರ ಮೇಲೆ ನಿಂತದ್ದು. ತನ್ನನ್ನು ಬೆಳೆಸಿದ ಸಂಸ್ಥೆಗೆ ತನ್ನನ್ನೇ ಕೊಟ್ಟುಕೊಳ್ಳಬೇಕೆಂಬ ಸಂಕಲ್ಪ ಅವರದಾಗಿತ್ತೆಂದು ಅವರ ಮುಂದಿನ ಬಾಳೇ ಹೇಳುತ್ತದೆ. ಅಮೆರಿಕದ ಓಹೈಯೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಬೀಜದ ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡಿ 1960ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿಯೇ ಉಳಿದವರು ಎಷ್ಟೋ ಮಂದಿ. ಇವರು ಅದೇ ಬಸವನಗುಡಿಗೆ, ಅದೇ ಹಾಸ್ಟೆಲಿಗೆ ಹಿಂದಿರುಗಿದರು. 1961ರಿಂದ 1972ರವರೆಗೆ ಪ್ರಿನ್ಸಿಪಾಲರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿ, ವಾರವಾರವೂ ವಿಜ್ಞಾನದ ಉಪನ್ಯಾಸ ಏರ್ಪಡಿಸುವ ಪದ್ಧತಿ ಹಾಕಿದರು. ಟಿಕೆಟ್ಟಿಲ್ಲದೆ, ಡಿಗ್ರಿಯಿಲ್ಲದೆ ಯಾರು ಬೇಕಾದರೂ ಬಂದು ವಿಜ್ಞಾನಿಗಳ ಮಾತು ಕೇಳಬಹುದಾಗಿತ್ತು.

1972ರಲ್ಲಿ ಉಪಕುಲಪತಿಗಳಾದರು. ವಿಶ್ವವಿದ್ಯಾನಿಲಯದಲ್ಲಿ ಸಂಗೀತ, ನೃತ್ಯ, ನಾಟಕಗಳಿಗೆ ವಿಭಾಗಗಳನ್ನು ತೆರೆಸಿದರು. ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರೀಕ್ಷಿಸಲು 1976ರಲ್ಲಿ ಅವರು ನೇಮಿಸಿದ ಸಮಿತಿಯ ಗದ್ದಲ ದೇಶವನ್ನೆಲ್ಲ ಮುಟ್ಟಿತು. ಅದರ ಕಥೆ ಬಲು ದೊಡ್ಡದು, ಈ ಪುಟಗಳ ವಿಷಯವಲ್ಲ. 1977ರಲ್ಲಿ ಆ ಹುದ್ದೆಯಿಂದ ಇಳಿದು ನ್ಯಾಷನಲ್ ಸಂಸ್ಥೆಗಳ ಕೆಲಸಕ್ಕೆ ಮರಳಿದರು. ಜಯನಗರದಲ್ಲಿ, ಬಾಗೇಪಲ್ಲಿಯಲ್ಲಿ, ತಾವು ಹೈಸ್ಕೂಲಿಲ್ಲದೆ ಕಾದು ಕುಳಿತಿದ್ದ ಗೌರಿಬಿದನೂರು ಸೀಮೆಯಲ್ಲಿ ಆ ಸಂಸ್ಥೆಯ ವಿದ್ಯಾಲಯಗಳು ಬೆಳೆದದ್ದರಲ್ಲಿ ಅವರ ದುಡಿಮೆ ದೊಡ್ಡದು. 1984ರಲ್ಲಿ ಪದ್ಮಭೂಷಣ ಬಂತು. ತಮ್ಮ ಬದುಕನ್ನು ‘ಹೋರಾಟದ ಹಾದಿ’ ಎಂಬ ಹೆಸರಿನಲ್ಲಿ ತಾವೇ ಬರೆದಿದ್ದಾರೆ. ನಮ್ಮ ಸಹಪಾಠಿಗಳು ಓದಲೇಬೇಕಾದ ಪುಸ್ತಕ.

ಈಗ ಸಂಬಳದ ಮಾತಿಗೆ ಬರೋಣ. ಎಚ್ಚೆನ್ ಅವರು ತಮ್ಮ ಗಳಿಕೆಯ ಬಹುಭಾಗವನ್ನು ಬಡ ವಿದ್ಯಾರ್ಥಿಗಳಿಗೂ ಸಂಸ್ಥೆಗಳಿಗೂ ಕೊಟ್ಟುಬಿಟ್ಟರು. ಇದು ನಿಜ. ಆದರೆ ಕೊಟ್ಟದ್ದು ಕೈಗೆ ಬಂದ ಮೇಲೆ. ಕೈಗೆ ಬಾರದ ಸಂಬಳವನ್ನು ತ್ಯಾಗ ಮಾಡುವುದು ಹೇಗೆ? ತಲೆಯ ಮೇಲೆ ಸೂರನ್ನು ಸಂಸ್ಥೆ ಕೊಟ್ಟಿತ್ತು. ಊಟ ಹಾಸ್ಟೆಲಿನಲ್ಲಿ ನಡೆಯುತ್ತಿತ್ತು. ಹೆಂಡತಿಮಕ್ಕಳ ಹೊಣೆ ಇರಲಿಲ್ಲ. ಇದು ಅವರು ಯೋಚಿಸಿ, ತಾವಾಗಿ ಆರಿಸಿಕೊಂಡ ಬಾಳು. ಆರಿಸಿಕೊಂಡದ್ದರಿಂದಲೇ ಅದಕ್ಕೆ ಅಷ್ಟು ತೇಜಸ್ಸು. ಉತ್ತರಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದು, ಇಬ್ಬರು ಮಕ್ಕಳ ಶಾಲೆಯ ಫೀಜು ಕಟ್ಟಬೇಕಾದ ಉಪನ್ಯಾಸಕರ ಮೇಲೆ ಅದನ್ನು ಹೊರಿಸಿದರೆ ಅದು ತ್ಯಾಗವಲ್ಲ, ಬರಿಯ ಬಡತನ. ಹನುಮಂತಪ್ಪನವರ ಬಡತನವೂ ಅವರು ಆರಿಸಿಕೊಂಡದ್ದಾಗಿರಲಿಲ್ಲ.

ಅಧ್ಯಾಪಕರ ಸಂಬಳದ ಚರ್ಚೆ ಇಂದಿನದಲ್ಲ. 1966ರಲ್ಲಿ ವರದಿ ಒಪ್ಪಿಸಿದ ಕೊಠಾರಿ ಆಯೋಗ ಉಪಾಧ್ಯಾಯರ ವೇತನ ಏರಿಸುವುದನ್ನು ತುರ್ತಿನ ಕೆಲಸವೆಂದು ಕಂಡಿತ್ತು. 1987ರಲ್ಲಿ ದೇಶದ ಉದ್ದಗಲಕ್ಕೂ ಕಾಲೇಜು ಅಧ್ಯಾಪಕರು ವೇತನಶ್ರೇಣಿಗಾಗಿ ಮುಷ್ಕರ ಹೂಡಿದರು. 2016ರಲ್ಲಿ ನಮ್ಮ ರಾಜ್ಯದ ಪದವಿಪೂರ್ವ ಉಪನ್ಯಾಸಕರು ಕುಮಾರ್ ನಾಯಕ್ ವರದಿಯ ಜಾರಿಗಾಗಿ ಮೌಲ್ಯಮಾಪನವನ್ನೇ ಬಹಿಷ್ಕರಿಸಿದರು. ಇವೆಲ್ಲ ನಾವು ಓದಿ ತಿಳಿದದ್ದು. ಅನುಭವಿಸಿ ತಿಳಿದದ್ದು 2023ರ ನವೆಂಬರಿನಲ್ಲಿ ಆರಂಭವಾದ ಅತಿಥಿ ಉಪನ್ಯಾಸಕರ ಮುಷ್ಕರವನ್ನು. ನಾವಾಗ ಮೊದಲನೆಯ ಸೆಮಿಸ್ಟರಿನಲ್ಲಿದ್ದೆವು. ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳ ಪಾಠದ ಬಹುಪಾಲು ಇವರಿಂದಲೇ ನಡೆಯುವುದು. ‘ಅತಿಥಿ’ ಎಂಬ ಮಾತನ್ನು ಯಾರು ಹುಡುಕಿದರೋ! ಹದಿನೈದು ವರ್ಷದಿಂದ ಮನೆಯ ಗೇಯ್ಮೆ ಮಾಡುತ್ತಿರುವವರನ್ನು ಯಾವ ಮನೆಯಲ್ಲಿ ಅತಿಥಿ ಎನ್ನುತ್ತಾರೆ? 2022ರ ಜನವರಿಯವರೆಗೂ ಇವರಿಗೆ ಸಿಗುತ್ತಿದ್ದ ಗೌರವಧನ ತಿಂಗಳಿಗೆ 11,000 ಇಲ್ಲವೆ 13,000 ರೂಪಾಯಿ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ನನ್ನ ತಾಯಿಗೆ ಇದನ್ನು ಹೇಳಿದಾಗ ಅವರು ನಂಬಲೇ ಇಲ್ಲ. ಅಷ್ಟಕ್ಕೇ ಆದರೆ ನಿನ್ನನ್ನು ಯಾಕೆ ಓದಿಸುತ್ತಿದ್ದೇನೆ ಎಂಬಂತೆ ನನ್ನ ಮುಖ ನೋಡಿದರು. ಆಮೇಲೆ ಅದು ಅರ್ಹತೆ, ಸೇವೆಗಳ ಮೇಲೆ 26,000ದಿಂದ 32,000ದವರೆಗೆ ಏರಿತು; ಜೊತೆಗೆ ವಾರದ ಪಾಠದ ಗಂಟೆಗಳೂ ಏರಿ, ಕೆಲವರ ಕೆಲಸವೇ ಹೋಯಿತು. ಅವರ ಮುಖ್ಯ ಬೇಡಿಕೆ ಸೇವೆ ಕಾಯಂ ಆಗಬೇಕೆಂಬುದು. 2024ರ ಜನವರಿಯಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ವಿದ್ಯೆಗಾಗಿ ವಿದ್ಯಾರ್ಥಿ ನಡೆದು ಬಂದ ಊರಿಗೆ ಸಂಬಳಕ್ಕಾಗಿ ಉಪಾಧ್ಯಾಯರು ನಡೆದು ಬಂದರು. ಗೌರವಧನ ಇನ್ನಷ್ಟು ಏರಿತು, ಅರವತ್ತು ತುಂಬಿದವರಿಗೆ 5 ಲಕ್ಷದ ಇಡುಗಂಟು ಎಂದಾಯಿತು. ಕಾಯಮಾತಿ ಮಾತ್ರ ಆಗಲಿಲ್ಲ.

ಎದುರು ಪಕ್ಷದ ಮಾತನ್ನೂ ಹೇಳದಿದ್ದರೆ ತಪ್ಪಾದೀತು. ಆ ವಾರಗಳಲ್ಲಿ ನಮ್ಮ ತರಗತಿಗಳು ಖಾಲಿಯಿದ್ದವು. ಹಣವಿದ್ದವರು ಟ್ಯೂಷನ್ನಿಗೆ ಹೋದರು. ಬಿ.ಎ. ತರಗತಿಗೆ ಅಷ್ಟು ದೂರದಿಂದ ಎರಡು ಬಸ್ಸು ಬದಲಾಯಿಸಿ ಬರುವವರು, ಸಂಜೆ ಅಂಗಡಿಯಲ್ಲಿ ದುಡಿಯುವವರು ಬೆಂಚು ನೋಡಿ ಹಿಂದಿರುಗಿದರು. ಮುಷ್ಕರದ ಪೆಟ್ಟು ಬೀಳುವುದು ಮೊದಲು ಹೊಸೂರಿನ ಹುಡುಗನಂಥವರ ಮೇಲೆಯೇ. ನನ್ನ ಗೆಳೆಯರಲ್ಲಿ ಒಬ್ಬಿಬ್ಬರು ಆಗ ಹೋದವರು ಮತ್ತೆ ಕಾಲೇಜಿಗೆ ಬರಲೇ ಇಲ್ಲ. ದುಡಿಮೆಯ ರುಚಿ ಹತ್ತಿತೋ ಸಾಲ ಎಳೆಯಿತೋ. ಪಾಠ ಬಿಟ್ಟವರು ಮೇಷ್ಟರೇ ಅಲ್ಲ ಎಂದು ಆಗ ಸಿಟ್ಟಾದವರನ್ನು ನಾನು ದೂರಲಾರೆ. ಆದರೆ ಆ ಸಿಟ್ಟನ್ನು ಯಾರ ಬಾಗಿಲಿಗೆ ಒಯ್ಯಬೇಕು? ಪ್ರತಿವರ್ಷ ಹೊಸದಾಗಿ ಅರ್ಜಿ, ಹೊಸದಾಗಿ ಕೌನ್ಸೆಲಿಂಗು, ಈ ವರ್ಷ ಒಂದು ಕಾಲೇಜು, ಮುಂದಿನ ವರ್ಷ ಇನ್ನೊಂದು ಅಥವಾ ಯಾವುದೂ ಇಲ್ಲ. ರಜೆಯ ತಿಂಗಳುಗಳಲ್ಲಿ ಗೌರವಧನವೂ ಇಲ್ಲ. ಹೀಗೆ ಬಾಳುವವರು ವಿದ್ಯಾರ್ಥಿಯ ಹೆಸರನ್ನು ನೆನಪಿಟ್ಟುಕೊಳ್ಳುವುದೇ ಕಷ್ಟ. ನಾರಾಯಣರಾಯರು ಬಿಟ್ಟುಬಂದ ಊರಿನ ಹುಡುಗನನ್ನು ನೆನೆದು ಕರೆದರು. ಅವರ ಕಾಲಿನ ಕೆಳಗೆ ನೆಲವಿತ್ತು. ಬಾ ಎಂದು ಕರೆಯಲು ಅವರಿಗೊಂದು ಶಾಲೆಯಿತ್ತು. ನಾಳೆಯ ಕೆಲಸದ ಭರವಸೆಯೇ ಇಲ್ಲದವರು ಯಾರನ್ನು ಎಲ್ಲಿಗೆ ಕರೆದಾರು?

ಎಚ್ಚೆನ್ ಅವರ ಹೆಸರನ್ನು ಈ ಚರ್ಚೆಯಲ್ಲಿ ತರುವುದಾದರೆ ಅವರ ಕೋಣೆಯ ಜೊತೆಗೆ ಅವರ ತಂದೆಯ ಜಗಲಿಯನ್ನೂ ಗುರುಗಳ ಕರೆಯನ್ನೂ ತರಬೇಕೆಂದು ನನಗೆ ತೋರುತ್ತದೆ. ನಮ್ಮ ಅಧ್ಯಾಪಕರಲ್ಲಿ ಇದನ್ನು ಒಪ್ಪದವರೂ ಇದ್ದಾರೆ. ಮುಷ್ಕರವನ್ನು ಮೇಷ್ಟರ ಘನತೆಗೆ ಕುಂದೆಂದು ಭಾವಿಸುವ ಹಿರಿಯರೊಬ್ಬರು ಈ ಲೇಖನದ ಕರಡನ್ನು ಓದಿ, ಒಂದೂ ಮಾತಾಡದೆ, ಕಾಗುಣಿತದ ತಪ್ಪುಗಳನ್ನು ಮಾತ್ರ ತಿದ್ದಿ ಕೊಟ್ಟರು. ಅವರಿಗೆ ನಾನು ಕೃತಜ್ಞ.

ನರಸಿಂಹಯ್ಯನವರು ಕೊನೆಯವರೆಗೂ ವಿದ್ಯಾರ್ಥಿಗಳ ನಡುವೆಯೇ ಇದ್ದರು. 2005ರ ಜನವರಿ 31ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 84 ವರ್ಷ. ಅಂತ್ಯಕ್ರಿಯೆ ಹೊಸೂರಿನಲ್ಲಿ ನಡೆಯಿತು.