ದೊಡ್ಡಸ್ವಾಮಿ ಅಬ್ಬೆ ದ್ಯುಬ್ವಾ

ತುಂಗಭದ್ರೆಯ ಈಚೆಗಿರುವ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಕ್ರೈಸ್ತಬಾಂಧವರಾದ ನಮಗೆ ಆಚೆ ದಡದ ಮೈಸೂರು ಸೀಮೆಯ ಶ್ರೀಸಭೆಯ ವೃತ್ತಾಂತವು ಅನ್ಯರದಲ್ಲ. ಆ ವೃತ್ತಾಂತದಲ್ಲಿ ಚಿರಸ್ಮರಣೀಯರಾದವರು ಅಬ್ಬೆ ದ್ಯುಬ್ವಾ. ಜನರು ಅವರನ್ನು ದೊಡ್ಡಸ್ವಾಮಿಯವರೆಂದು ಕರೆಯುತ್ತಿದ್ದರು.

ದಕ್ಷಿಣ ಫ್ರಾನ್ಸಿನಲ್ಲಿ 1766ರ ಸುಮಾರಿಗೆ ಜನಿಸಿದ ಇವರು 1792ರಲ್ಲಿ ಗುರುಪಟ್ಟ ಪಡೆದು, ಮಹಾಕ್ರಾಂತಿಯ ಆ ವರ್ಷವೇ ಭಾರತಕ್ಕೆ ಹೊರಟರು. ಇಲ್ಲಿ ಐರೋಪ್ಯರ ಸಹವಾಸವನ್ನು ತೊರೆದು, ದೇಶೀಯ ಉಡುಪು ಧರಿಸಿ, ಜನರ ಊಟ ಉಪಚಾರಗಳನ್ನೇ ತಮ್ಮದಾಗಿಸಿಕೊಂಡರು.

1799ರಲ್ಲಿ ಶ್ರೀರಂಗಪಟ್ಟಣ ಪತನವಾಯಿತು. ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಕೂಡಿಸಲು ದ್ಯುಬ್ವಾ ಅವರಿಗೆ ಕರೆ ಬಂದಿತು. ಟಿಪ್ಪು ಸುಲ್ತಾನನು 1784ರಲ್ಲಿ ಕರಾವಳಿಯಿಂದ ಸೆರೆ ತಂದಿದ್ದ ಕ್ರೈಸ್ತರಲ್ಲಿ ಬಹುಮಂದಿ ಬಲಾತ್ಕಾರದಿಂದ ಮತಾಂತರಗೊಂಡಿದ್ದರು. ಬಿಡುಗಡೆಯಾದೊಡನೆ ಅವರು ಗುರುಗಳನ್ನು ಅರಸಿ ಬಂದರು. ತಾವು ತ್ಯಜಿಸಿದ್ದು ತೋರಿಕೆಗೆ ಮಾತ್ರ, ಹೃದಯದಲ್ಲಿ ಕ್ರಿಸ್ತಪ್ರಭುವನ್ನು ಬಿಟ್ಟಿಲ್ಲವೆಂಬುದು ಅವರ ಅಳಲು. ಕತ್ತಿಗೆ ಅಂಜಿದ ವಿಶ್ವಾಸವು ವಿಶ್ವಾಸವೇ? ಈ ಪ್ರಶ್ನೆ ಹೊಸದಲ್ಲ. ಮೂರನೆಯ ಶತಮಾನದಲ್ಲಿ ಕಾರ್ಥೇಜಿನ ಸಂತ ಸಿಪ್ರಿಯನರ ಕಾಲದಲ್ಲೂ ಎದ್ದಿತ್ತು. ಪಶ್ಚಾತ್ತಾಪಪಟ್ಟವರಿಗೆ ಶ್ರೀಸಭೆ ಅಂದು ಬಾಗಿಲು ತೆರೆದಿತ್ತು. ದ್ಯುಬ್ವಾ ಅವರೂ ತೆರೆದರು. ತಮ್ಮ ಬಳಿಗೆ ಬಂದವರು ಸುಮಾರು 2,000 ಮಂದಿಯೆಂದು ಅವರೇ ಬರೆದಿದ್ದಾರೆ. ಆದರೆ ಅಷ್ಟೊಂದು ಜನರಲ್ಲಿ ಒಬ್ಬರೂ ರಕ್ತಸಾಕ್ಷಿಯಾಗಲಿಲ್ಲವೆಂಬ ನೋವನ್ನು ಅವರು ಮರೆಯಲಿಲ್ಲ. ಕಟುವಾಗಿಯೇ ಅಚ್ಚಿನಲ್ಲಿ ಹೇಳಿದರು. ಹದಿನೈದು ವರ್ಷ ಸೆರೆಯಲ್ಲಿ ಬೆಂದವರ ಮೇಲೆ ಆ ಮಾತು ತುಸು ನಿಷ್ಠುರವೆಂದೇ ನಮಗೆ ತೋರುತ್ತದೆ. ಅವರ ಕೈ ಅವರ ಲೇಖನಿಗಿಂತ ಮೃದುವಾಗಿತ್ತು.

ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಅವರು ಕ್ರೈಸ್ತ ರೈತರ ನೆಲೆಯೊಂದನ್ನು ಕಟ್ಟಿದರು. 1802ರಲ್ಲಿ ಮುಂಬಯಿಗೆ ಬಂದಿಳಿದ ಸಿಡುಬಿನ ಲಸಿಕೆಯನ್ನು ಮೈಸೂರು ಸೀಮೆಯಲ್ಲಿ ಹರಡಲು ಶ್ರಮಿಸಿದರು. ಸಿಡುಬೆಂದರೆ ದೇವಿ ಮೈಮೇಲೆ ಬಂದಳೆಂದು ನಂಬುವ ಕಾಲವದು. ಹಸುವಿನಿಂದ ಬಂದ ಮದ್ದಿಗೆ ತೋಳೊಡ್ಡಿಸುವುದು ಸುಲಭವಾಗಿರಲಿಲ್ಲ. ಜನರೊಡನೆ ಬೆರೆತು ಗಳಿಸಿದ ನಂಬುಗೆಯೇ ಇಲ್ಲಿ ಅವರ ಬಂಡವಾಳವಾಯಿತು.

ಹಿಂದೂ ಆಚಾರ ವ್ಯವಹಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯು 2,000 ವರಹ ಕೊಟ್ಟು ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಪ್ರಕಟವಾಗಿ ಅವರಿಗೆ ಲೋಕಪ್ರಸಿದ್ಧಿ ತಂದಿತು. ಅದರ ಬಹುಭಾಗ ಯೇಸುಸಭೆಯ ಕೊರ್ದು ಸ್ವಾಮಿಗಳ ಬರಹದಿಂದ ಬಂದುದೆಂದು ವಿದ್ವಾಂಸರು ಆಮೇಲೆ ತೋರಿಸಿಕೊಟ್ಟಿದ್ದಾರೆ. ಅದರಲ್ಲಿನ ಎಲ್ಲ ತೀರ್ಪುಗಳನ್ನು ನಾವು ಒಪ್ಪಬೇಕಾಗಿಯೂ ಇಲ್ಲ.

1823ರ ಜನವರಿಯಲ್ಲಿ ಅವರು ಭಾರತ ಬಿಟ್ಟರು. ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಮಾನವಪ್ರಯತ್ನಕ್ಕೆ ಅಸಾಧ್ಯವೆಂದೂ, ಬೈಬಲಿನ ಅವಸರದ ಅನುವಾದಗಳನ್ನು ಹಂಚುವುದರಿಂದ ಫಲವಿಲ್ಲವೆಂದೂ ವಾದಿಸಿದರು. ಇಂಗ್ಲೆಂಡಿನಲ್ಲಿ ಕೋಲಾಹಲವೆದ್ದಿತು; ಪ್ರಾಟೆಸ್ಟೆಂಟ್ ಬೋಧಕರಾದ ಹಫ್ ಮತ್ತು ಟೌನ್ಲಿ ಉತ್ತರರೂಪವಾಗಿ ಪುಸ್ತಕಗಳನ್ನೇ ಬರೆದರು. ಮೂವತ್ತು ವರ್ಷ ದುಡಿದವರೇ ಹೀಗೆನ್ನಬಹುದೇ ಎಂದು ಕೇಳಿದವರುಂಟು. ಆದರೆ ಅವರು ನಿರಾಶರಾದುದು ತಮ್ಮ ಕಾಲದ ಫಲದಲ್ಲಿ, ವಿಶ್ವಾಸದಲ್ಲಲ್ಲ. ಪ್ಯಾರಿಸಿನ ವಿದೇಶೀ ಮಿಷನ್ ಗುರುಮಠದಲ್ಲಿ ಹೊಸ ಪೀಳಿಗೆಯ ಧರ್ಮಪ್ರಚಾರಕರನ್ನು ಸಿದ್ಧಪಡಿಸುತ್ತ, ಅದರ ಶ್ರೇಷ್ಠರೂ ಆಗಿದ್ದು, 1848ರ ಫೆಬ್ರವರಿಯಲ್ಲಿ ಅಲ್ಲಿಯೇ ದೈವಾಧೀನರಾದರು.