ಖೊರಾನಾಗೆ ಕೆಲಸ ಕೊಡದ ದೇಶ ಮತ್ತು ನಮ್ಮ ಜಿಲ್ಲೆಯ ಲ್ಯಾಬ್

2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ, ಅದನ್ನು ಪತ್ತೆ ಹಚ್ಚಲು ಅನುಮತಿ ಪಡೆದ ಒಂದೇ ಒಂದು ಪಿಸಿಆರ್ ಲ್ಯಾಬ್ ಕೂಡ ರಾಯಚೂರು ಜಿಲ್ಲೆಯಲ್ಲಿ ಇರಲಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಜನರ ಗಂಟಲ ದ್ರವ ಬೇರೆ ಜಿಲ್ಲೆಗೆ ಹೋಗಬೇಕಿತ್ತು. ಪಿಸಿಆರ್ ಎಂಬ ಪದ ಆಗ ಚಹಾದಂಗಡಿಯವರೆಗೂ ಬಂತು. ಆದರೆ ಆ ಪರೀಕ್ಷೆಯ ಜೀವಾಳವಾದ ಪ್ರೈಮರ್ ಎಂಬ ಪುಟ್ಟ ಡಿಎನ್ಎ ತುಣುಕನ್ನು ಲ್ಯಾಬ್‌ನಲ್ಲಿ ಕಟ್ಟುವ ದಾರಿ ಹಾಕಿಕೊಟ್ಟವರಲ್ಲಿ ಮುಖ್ಯರಾದವರು ನಮ್ಮಂಥದ್ದೇ ಹಳ್ಳಿಯಿಂದ ಬಂದವರು ಅನ್ನೋದು ಯಾರ ಚರ್ಚೆಯಲ್ಲೂ ಇರಲಿಲ್ಲ. ಅವರು ಹರಗೋಬಿಂದ್ ಖೊರಾನಾ.

ಖೊರಾನಾ 1922ರಲ್ಲಿ ಹುಟ್ಟಿದ್ದು ಪಂಜಾಬಿನ ರಾಯಪುರದಲ್ಲಿ. ಸುಮಾರು ನೂರು ಜನರ ಊರು, ಈಗ ಪಾಕಿಸ್ತಾನದಲ್ಲಿದೆ. ಅಪ್ಪ ಕಂದಾಯ ಇಲಾಖೆಯ ಪಟವಾರಿ, ನಮ್ಮ ಕಡೆ ಶಾನುಭೋಗ ಅಂತಿದ್ದೆವಲ್ಲ, ಅಂಥ ಕೆಲಸ. ಊರಲ್ಲಿ ಓದುಬರಹ ಬಲ್ಲ ಕುಟುಂಬ ಹೆಚ್ಚುಕಮ್ಮಿ ಇವರದೊಂದೇ. ಐದು ಮಕ್ಕಳಲ್ಲಿ ಕಿರಿಯರಾದ ಖೊರಾನಾ ಮೊದಲ ಪಾಠ ಕಲಿತದ್ದು ಮರದಡಿಯ ಶಾಲೆಯಲ್ಲಿ. ಆಮೇಲೆ ಮುಲ್ತಾನಿನ ಹೈಸ್ಕೂಲು, ಲಾಹೋರಿನಲ್ಲಿ ಎಂಎಸ್ಸಿ. 1945ರಲ್ಲಿ ಭಾರತ ಸರ್ಕಾರದ ಫೆಲೋಶಿಪ್ ಸಿಕ್ಕಿತು, ಇಂಗ್ಲೆಂಡಿನ ಲಿವರ್‌ಪೂಲ್‌ಗೆ ಹೋದರು. ಪ್ರತಿಭೆ ಕಲ್ಲು ಸೀಳಿಕೊಂಡಾದರೂ ಮೇಲೆ ಬರುತ್ತೆ ಅನ್ನುವವರು ಈ ಫೆಲೋಶಿಪ್ ಒಂದನ್ನು ತೆಗೆದುಹಾಕಿ ಕತೆಯನ್ನು ಮತ್ತೆ ಹೇಳಿ ನೋಡಲಿ. ಖೊರಾನಾ ಲಾಹೋರಿನಲ್ಲೇ ಉಳಿಯುತ್ತಿದ್ದರು.

1948ರಲ್ಲಿ ಪಿಎಚ್‌ಡಿ ಮುಗಿಸಿದ ಮೇಲೆ ಜ್ಯೂರಿಕ್‌ನಲ್ಲಿ ಕೆಲವು ತಿಂಗಳು ಸಂಬಳವಿಲ್ಲದೆ ಸಂಶೋಧನೆ ಮಾಡಿದರು. ಅಷ್ಟರಲ್ಲಿ ದೇಶ ಒಡೆದಿತ್ತು, ಹುಟ್ಟಿದೂರು ಗಡಿಯಾಚೆ ಸೇರಿತ್ತು. 1949ರಲ್ಲಿ ಭಾರತಕ್ಕೆ ಮರಳಿದರು. ಕೆಲಸ ಸಿಗಲಿಲ್ಲ. ಸರ್ಕಾರವೇ ದುಡ್ಡು ಹಾಕಿ ಓದಿಸಿದ ಮನುಷ್ಯನಿಗೆ ಕೂತು ಕೆಲಸ ಮಾಡಲು ಒಂದು ಲ್ಯಾಬಿನ ಮೇಜು ಸಿಗಲಿಲ್ಲ. ವಾಪಸ್ ಕೇಂಬ್ರಿಜ್‌ಗೆ ಹೋದರು.

1952ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಒಂದು ಪ್ರಾಂತೀಯ ಸಂಶೋಧನಾ ಮಂಡಳಿ ಅವರನ್ನು ಕರೆಯಿತು. ಅಲ್ಲೂ ದೊಡ್ಡ ಸೌಲಭ್ಯಗಳೇನಿರಲಿಲ್ಲ. ಆದರೆ ಬೇಕಾದ್ದನ್ನು ಮಾಡುವ ಸ್ವಾತಂತ್ರ್ಯವಿತ್ತು. ಡಿಎನ್ಎಯ ಅಕ್ಷರಗಳನ್ನು ಒಂದೊಂದಾಗಿ, ಬೇಕಾದ ಕ್ರಮದಲ್ಲಿ ಪೋಣಿಸುವ ರಸಾಯನವಿದ್ಯೆ ಅಲ್ಲಿ ಬೆಳೆಯಿತು. 1960ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ಗೆ ಹೋದ ಮೇಲೆ ಅದೇ ವಿದ್ಯೆ ಜೀವದ ಲಿಪಿಯನ್ನು ಓದಲು ನೆರವಾಯಿತು. ಯು-ಸಿ-ಯು-ಸಿ ಎಂದು ಎರಡೇ ಅಕ್ಷರ ಮರುಕಳಿಸುವ ಆರ್‌ಎನ್ಎ ಸರಪಳಿ ಕೊಟ್ಟರೆ, ಎರಡು ಅಮೈನೋ ಆಮ್ಲಗಳು ಸರದಿಯಂತೆ ಜೋಡಣೆಯಾದ ಪ್ರೋಟೀನ್ ಬಂತು. ಜೀವಕೋಶ ಮೂರು ಮೂರು ಅಕ್ಷರ ಕೂಡಿಸಿ ಓದುತ್ತದೆ ಎಂಬುದಕ್ಕೆ ಗಟ್ಟಿ ಸಾಕ್ಷಿ ಅದು. 1968ರಲ್ಲಿ ನಿರೆನ್‌ಬರ್ಗ್ ಮತ್ತು ಹಾಲಿ ಜೊತೆ ನೊಬೆಲ್ ಸಿಕ್ಕಿತು. ಮರುವರ್ಷ ಭಾರತ ಪದ್ಮವಿಭೂಷಣ ಕೊಟ್ಟಿತು. ಅಷ್ಟೊತ್ತಿಗೆ ಖೊರಾನಾ ಅಮೆರಿಕದ ಪ್ರಜೆಯಾಗಿ ಮೂರು ವರ್ಷವಾಗಿತ್ತು.

ನನಗೆ ಹೆಚ್ಚು ಮುಖ್ಯ ಅನ್ನಿಸುವುದು ನೊಬೆಲ್ ನಂತರದ ಕೆಲಸ. 1971ರಲ್ಲಿ ನಾರ್ವೆಯ ಷೆಲ್ ಕ್ಲೆಪ್ಪೆ ಮತ್ತು ಖೊರಾನಾ ತಂಡ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಸರಳ ಯೋಚನೆಯಿತ್ತು. ಡಿಎನ್ಎ ಜೋಡಿ ಎಳೆಯನ್ನು ಬಿಸಿ ಮಾಡಿ ಬಿಡಿಸಿ, ತಣಿಸಿ, ಎರಡು ತುದಿಗೆ ಎರಡು ಪ್ರೈಮರ್ ಕೂರಿಸಿ, ಕಿಣ್ವ ಬಿಟ್ಟರೆ ನಕಲು ಸಿಗುತ್ತದೆ. ಮತ್ತೆ ಮಾಡಿದರೆ ಮತ್ತಷ್ಟು ನಕಲು. ಆದರೆ ಅಂದಿನ ಕಿಣ್ವ ಬಿಸಿಗೆ ಸಾಯುತ್ತಿತ್ತು, ಪ್ರೈಮರ್ ಕಟ್ಟುವುದು ಹೆಣಗಾಟದ ಕೆಲಸವಾಗಿತ್ತು. 1983ರಲ್ಲಿ ಸೀಟಸ್ ಕಂಪನಿಯ ಕ್ಯಾರಿ ಮುಲ್ಲಿಸ್ ಇದನ್ನು ಸರಪಳಿ ಕ್ರಿಯೆಯಾಗಿ ಕಂಡರು. ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದ ಕಿಣ್ವ ಬಂದ ಮೇಲೆ ಪಿಸಿಆರ್ ಓಡತೊಡಗಿತು. 1993ರಲ್ಲಿ ಮುಲ್ಲಿಸ್‌ಗೂ ನೊಬೆಲ್ ಬಂತು. ಖೊರಾನಾ ತಂಡದ ಹಳೆಯ ಕೆಲಸವನ್ನು ಮುಂದಿಟ್ಟು ಡ್ಯುಪಾಂಟ್ ಕಂಪನಿ ಪೇಟೆಂಟ್ ಪ್ರಶ್ನಿಸಿತು, 1991ರಲ್ಲಿ ಸೀಟಸ್ ಗೆದ್ದಿತು.

ಎಂಜಿನಿಯರಿಂಗ್ ಓದಿದ ನನಗೆ ಪ್ರೈಮರ್ ವಿನ್ಯಾಸದ ಲೆಕ್ಕ ಇಷ್ಟ. ನಾಲ್ಕೇ ಅಕ್ಷರಗಳಿಂದ 20 ಅಕ್ಷರದ ಪದ ಕಟ್ಟಿದರೆ ಲಕ್ಷ ಕೋಟಿಗೂ ಹೆಚ್ಚು ಬಗೆ ಸಾಧ್ಯ. ಮನುಷ್ಯನ ಇಡೀ ಜೀನೋಮ್ ಸುಮಾರು 300 ಕೋಟಿ ಅಕ್ಷರ. ಹಾಗಾಗಿ 20 ಅಕ್ಷರದ ಪ್ರೈಮರ್ ಸಾಮಾನ್ಯವಾಗಿ ತನ್ನ ವಿಳಾಸವನ್ನಷ್ಟೇ ಹುಡುಕಿಕೊಳ್ಳುತ್ತದೆ. ಜಿ ಮತ್ತು ಸಿ ಅಕ್ಷರಗಳು ಅರ್ಧದ ಆಸುಪಾಸು ಇರಬೇಕು, ಕೊನೆಯ ಅಕ್ಷರಗಳು ಪಕ್ಕಾ ಹೊಂದಬೇಕು, ಎರಡು ಪ್ರೈಮರ್‌ಗಳು ತಮ್ಮೊಳಗೇ ಅಂಟಿಕೊಳ್ಳಬಾರದು. ಹೊಳೆಯುವ ಪ್ರೈಮರ್ ಇನ್ನೂ ಚತುರ. ತುದಿಯಲ್ಲಿ ಬಣ್ಣದ ಅಣು, ಅದರ ಪಕ್ಕದಲ್ಲೇ ಬೆಳಕು ನುಂಗುವ ಇನ್ನೊಂದು ಅಣು ಬರುವಂತೆ ಅದನ್ನು ತಲೆಪಿನ್ನಿನ ಹಾಗೆ ಮಡಚಿರುತ್ತಾರೆ. ನಕಲಾಗುವಾಗ ಮಡಿಕೆ ಬಿಚ್ಚುತ್ತದೆ, ಬೆಳಕು ಹೊಮ್ಮುತ್ತದೆ. ಪ್ರತಿ ಸುತ್ತಿಗೂ ನಕಲು ದುಪ್ಪಟ್ಟಾದರೆ 30 ಸುತ್ತಿಗೆ ಒಂದು ಪ್ರತಿ ನೂರು ಕೋಟಿ ದಾಟುತ್ತದೆ. ಎಷ್ಟನೇ ಸುತ್ತಿಗೆ ಬೆಳಕು ಕಂಡಿತು ಅನ್ನೋದರಿಂದ ರೋಗಾಣು ಎಷ್ಟಿತ್ತು ಎಂದು ಲೆಕ್ಕ ಹಾಕುತ್ತಾರೆ.

ಇದು ನಮ್ಮೂರಿಗೆ ದೂರದ ಮಾತಲ್ಲ. ಹಟ್ಟಿ ಚಿನ್ನದ ಗಣಿ ಇರುವುದು ಲಿಂಗಸುಗೂರು ತಾಲ್ಲೂಕಿನಲ್ಲಿ. ಕಲ್ಲಿನ ಧೂಳು ಕುಡಿದ ಶ್ವಾಸಕೋಶಕ್ಕೆ ಟಿಬಿ ಅಪಾಯ ಹೆಚ್ಚು. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ರೂಪಿಸಿದ ಟ್ರೂನ್ಯಾಟ್ ಇದೇ ರಿಯಲ್-ಟೈಮ್ ಪಿಸಿಆರ್ ತತ್ವದಲ್ಲಿ, ಬ್ಯಾಟರಿಯ ಮೇಲೂ ನಡೆದು ಟಿಬಿ ಹುಡುಕುತ್ತದೆ. ಅಂದರೆ ಕರ್ನಾಟಕಕ್ಕೆ ಈ ವಿದ್ಯೆ ಬರುತ್ತೆ. ಕಲ್ಯಾಣ ಕರ್ನಾಟಕಕ್ಕೆ ಅದರ ಲ್ಯಾಬ್ ಬರುವುದಷ್ಟೇ ತಡ.

ವೈರಸ್‌ಗಳ ಜೀನೋಮ್ ಮಾಹಿತಿ ಇವತ್ತು ಉಚಿತ, ಪ್ರೈಮರ್ ವಿನ್ಯಾಸದ ಸಾಫ್ಟ್‌ವೇರ್ ಕೂಡ ಉಚಿತ. ಮಸ್ಕಿಯ ಒಬ್ಬ ಬಿಎಸ್ಸಿ ವಿದ್ಯಾರ್ಥಿನಿ ಹಳೇ ಲ್ಯಾಪ್‌ಟಾಪಿನಲ್ಲಿ ಒಂದು ಸಂಜೆಗೆ ಪ್ರೈಮರ್ ಬರೆಯಬಲ್ಲಳು. ಅದು ಕೆಲಸ ಮಾಡುತ್ತಾ ನೋಡಲು ಮಾತ್ರ ಅವಳು ಊರು ಬಿಡಬೇಕು. ಐಐಟಿ ಧಾರವಾಡಕ್ಕೆ ಹೋಯಿತು. ರಾಯಚೂರಿನಲ್ಲಿ ಏಮ್ಸ್‌ಗಾಗಿ 2022ರ ಮೇನಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಅದನ್ನು ಬರೀ ಆಸ್ಪತ್ರೆಯ ಬೇಡಿಕೆ ಅಂದುಕೊಂಡವರು ಅರ್ಧ ಮಾತ್ರ ಕೇಳಿಸಿಕೊಂಡಿದ್ದಾರೆ. ಅದು ಲ್ಯಾಬಿನ ಮೇಜಿನ ಬೇಡಿಕೆಯೂ ಹೌದು.

ಖೊರಾನಾ 2011ರಲ್ಲಿ ಅಮೆರಿಕದಲ್ಲೇ ತೀರಿಕೊಂಡರು. ಪಠ್ಯಪುಸ್ತಕದಲ್ಲಿ ಭಾರತ ಸಂಜಾತ ವಿಜ್ಞಾನಿ ಎಂದು ನಾವು ಹೆಮ್ಮೆಯಿಂದ ಓದುತ್ತೇವೆ. ಹೆಮ್ಮೆಗೆ ಖರ್ಚಿಲ್ಲ, ಲ್ಯಾಬಿಗೆ ಖರ್ಚಿದೆ. ಮುಂದಿನ ಸಲ ಬಜೆಟ್ ಬಂದಾಗ ನಮ್ಮ ಶಾಸಕರನ್ನು ಕೇಳಬೇಕಾದದ್ದು ಆ ಖರ್ಚಿನ ಲೆಕ್ಕವನ್ನೇ.